ಹಳದಿಯ ದಿನ ಬಾಯಿ ಬಿಡದ ಅನ್ನವ್ವ

ಬಾಳವ್ವ ಸತ್ತುಬಿದ್ದಾಗ ಅವಳ ಮುಷ್ಟಿಯಲ್ಲಿ ಮಳೆಗೆ ಅರಿಶಿಣ ಮುಚ್ಚುವ ತಾಡಪತ್ರಿಯ ಒಂದು ಮೂಲೆ ಹಾಗೇ ಇತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅದನ್ನು ತೆಗೆದವಳು ಅವಳ ಅಕ್ಕ ಅನ್ನವ್ವ. ಏಪ್ರಿಲ್ ತಿಂಗಳು, ಮಧ್ಯಾಹ್ನ ಮೂರೂವರೆಯ ಹೊತ್ತು, ಚಿಮ್ಮಡದ ಹೊರಗೆ ಚನಮಲ್ಲಪ್ಪನ ತೋಟದ ಕಣ.

ಅನ್ನವ್ವನಿಗೆ ಆಗ ನಲವತ್ತೆರಡು ವರ್ಷ. ಹದಿನಾಲ್ಕು ಹೆಂಗಸರ ಟೋಳಿ ಕಟ್ಟಿಕೊಂಡು ವರ್ಷವಿಡೀ ಕೂಲಿ ಕೆಲಸ ಹಿಡಿಯುತ್ತಿದ್ದಳು. ಕಬ್ಬಿನ ಕಳೆ, ಗೋವಿನಜೋಳದ ಕೊಯ್ಲು, ಚಳಿಗಾಲ ಮುಗಿಯುವ ಹೊತ್ತಿಗೆ ಅರಿಶಿಣ. ಮಹಾಲಿಂಗಪುರದಿಂದ ರನ್ನ ಬೆಳಗಲಿಯ ತನಕ ಅರಿಶಿಣ ಬೆಳೆಯುವವರಿಗೆಲ್ಲ ಅವಳ ಟೋಳಿ ಗೊತ್ತು. ಗಡ್ಡೆ ಕಿತ್ತು, ಕುದಿಸಿ, ಕಣದಲ್ಲಿ ಹರವಿ, ದಿನಕ್ಕೆ ಎರಡು ಸಲ ಕೈಯಾಡಿಸಿ ಹದಿನೈದು ದಿನ ಒಣಗಿಸುವುದು ಸುಲಭದ ಕೆಲಸವಲ್ಲ. ಒಣಗುವ ಹೊತ್ತಿನಲ್ಲಿ ಒಂದು ಮಳೆ ಬಿದ್ದರೆ ಗಡ್ಡೆಗೆ ಬೂಜು ಹಿಡಿದು ಬಣ್ಣ ಕರಗಿಹೋಗುತ್ತದೆ.

ಬಾಳವ್ವ ಅಕ್ಕನಿಗಿಂತ ಹತ್ತು ವರ್ಷ ಚಿಕ್ಕವಳು. ಬೀಳಗಿ ಕಡೆ ಕೊಟ್ಟಿದ್ದರು. ಗಂಡ ತೀರಿದ ಮೇಲೆ ಮಗಳು ವೈಶಾಲಿಯನ್ನು ಕಟ್ಟಿಕೊಂಡು ಅಕ್ಕನ ಮನೆಗೇ ಬಂದುಬಿಟ್ಟಿದ್ದಳು. ಟೋಳಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತು ಅವಳದು. ಕೆಲಸ ಬೇಸರವಾಗದಂತೆ ಯಾರ ನಡಿಗೆಯನ್ನಾದರೂ ಅಣಕಿಸಿ ನಗಿಸುತ್ತಿದ್ದಳು. ಚನಮಲ್ಲಪ್ಪನ ನಡಿಗೆಯನ್ನೂ ಬಿಟ್ಟವಳಲ್ಲ.

ಆ ಮಧ್ಯಾಹ್ನ ಊಟ ಮುಗಿಸಿ ಹೆಂಗಸರೆಲ್ಲ ಕಣದ ಪಕ್ಕದ ತಗಡಿನ ಶೆಡ್ಡಿನಲ್ಲಿ ಕುಳಿತಿದ್ದರು. ಪಡುವಣಕ್ಕೆ ಮೋಡ ಕಟ್ಟಿತ್ತು, ದೂರದಲ್ಲಿ ಗುಡುಗುತ್ತಿತ್ತು. ತೋಟದ ಮನೆ ಅಲ್ಲಿಂದ ಇನ್ನೂರು ಹೆಜ್ಜೆ. ಚನಮಲ್ಲಪ್ಪ ಆ ಕಡೆಯಿಂದ ಹೆಚ್ಚುಕಡಿಮೆ ಓಡುತ್ತಲೇ ಬಂದ. ಬಂದವನೇ, ತಾಡಪತ್ರಿ ಎಳೆದು ಅರಿಶಿಣ ಮುಚ್ಚಿರಿ ಎಂದ. ಅನ್ನವ್ವ ಗುಡುಗಿನ ಕಡೆ ಕೈ ತೋರಿಸಿ, ಸ್ವಲ್ಪ ತಡೆದು ಹೋಗುತ್ತೇವೆ ಎಂದಳು. ಅವನು ಬೆಳಗಿನ ಪೇಪರಿನಲ್ಲೇ ಬಂದಿದೆ, ಇಡೀ ಜಿಲ್ಲೆಗೆ ಬರೀ ಯೆಲ್ಲೋ ಅಲರ್ಟ್, ಯೆಲ್ಲೋ ಅಂದರೆ ಏನೂ ಇಲ್ಲ ಎಂದ.

"ಹತ್ತು ಮಿನಿಟಿನ ಕೆಲಸ. ಏಳ್ರಿ, ಏಳ್ರಿ" ಎಂದ.

ಎದ್ದರು. ಬಾಳವ್ವ ಎಲ್ಲರಿಗಿಂತ ಚುರುಕು, ಓಡಿ ಕಣದ ಆಚೆ ತುದಿಯ ಮೂಲೆ ಹಿಡಿದಳು. ಸಿಡಿಲು ಬಿದ್ದದ್ದು ಆ ತುದಿಗೇ. ನಡುವೆ ಇದ್ದ ಇಬ್ಬರು ಎರಡು ಮಾರು ದೂರ ಹೋಗಿ ಬಿದ್ದರು, ಬದುಕಿದರು. ಬಾಳವ್ವ ಬದುಕಲಿಲ್ಲ. ಅನ್ನವ್ವ ತಂಗಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒಮ್ಮೆ ಹಿಂದಿರುಗಿ ನೋಡಿದಳು. ಚನಮಲ್ಲಪ್ಪ ಶೆಡ್ಡಿನಲ್ಲೇ ನಿಂತಿದ್ದ. ಅವರನ್ನು ಎಬ್ಬಿಸಿದ ಮೇಲೆ ಅವನು ಶೆಡ್ಡಿನಿಂದ ಹೊರಗೆ ಕಾಲಿಟ್ಟಿರಲಿಲ್ಲ. ಅದು ಆಗ ಅವಳ ತಲೆಗೆ ಹೋಗಲಿಲ್ಲ, ಕಣ್ಣಲ್ಲಿ ಮಾತ್ರ ಉಳಿಯಿತು.

ಪಂಚನಾಮೆಗೆ ಬಂದವರ ಎದುರು ಅವನು ಅದೇ ಮಾತು ಹೇಳಿದ. ಹಳದಿ ಸೂಚನೆ ಬಿಟ್ಟು ಬೇರೆ ಯಾವುದೂ ಬಂದಿರಲಿಲ್ಲ, ಬಂದಿದ್ದರೆ ಕಳಿಸುತ್ತಿದ್ದೆನೇ ಎಂದ. ಅವರು ಪ್ರಕೃತಿ ವಿಕೋಪ ಎಂದು ಬರೆದುಕೊಂಡರು. ಸರ್ಕಾರದ ಪರಿಹಾರ ವೈಶಾಲಿಯ ಹೆಸರಿಗೆ ಬಂತು. ದಿನ ಮಾಡುವ ಹೊತ್ತಿಗೆ ಚನಮಲ್ಲಪ್ಪ ಒಂದು ಚೀಲ ಅಕ್ಕಿ ಕಳಿಸಿ, ಬಂದು ಕುಳಿತು, ಎಲ್ಲ ದೇವರು ಬರೆದ ಹಾಗೆ ಎಂದು ಕಣ್ಣು ಒರೆಸಿಕೊಂಡ. ಅನ್ನವ್ವ ನಂಬಿದಳು. ಆಕಾಶದ ಮೇಲೆ ಸಿಟ್ಟು ಮಾಡಿ ಏನು ಸಾಧಿಸುವುದು ಎಂದು ಮತ್ತೆ ಅವನ ತೋಟಕ್ಕೇ ಕೆಲಸಕ್ಕೆ ಹೋದಳು.

ಏಳು ತಿಂಗಳು ಕಳೆಯಿತು. ದೀಪಾವಳಿಯ ಮುಂದೆ ಒಂದು ದಿನ ಚನಮಲ್ಲಪ್ಪನ ಮನೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಅವನ ಹೆಂಡತಿ ಸಾವಿತ್ರೆವ್ವ ಎದುರಿಗೆ ಮೊರ ಹಿಡಿದಿದ್ದಳು. ಚನಮಲ್ಲಪ್ಪ ಫೋನು ಬಿಟ್ಟು ಪೇಟೆಗೆ ಹೋಗಿದ್ದ. ಗೂಡಿನಲ್ಲಿದ್ದ ಫೋನು ಟಿಂವ್ ಎಂದಿತು. ಸಾವಿತ್ರೆವ್ವ ತಟ್ಟನೆ ಆ ಕಡೆ ತಿರುಗಿದಳು, ಮೊರದ ಜೋಳ ಚೆಲ್ಲಿತು.

"ಈ ಸಪ್ಪಳ ಕೇಳಿದ್ರ ಎದಿ ಝಲ್ ಅಂತೈತಿ ನೋಡವಾ. ಆವತ್ತಿನ ದಿನ ನೆನಪಾಕ್ಕೈತಿ."

ಯಾವ ದಿನ ಎಂದು ಅನ್ನವ್ವ ಕೇಳಿದಳು. ಸಾವಿತ್ರೆವ್ವ ಒಳ್ಳೆಯ ಹೆಂಗಸು, ಏನು ಹೇಳುತ್ತಿದ್ದೇನೆ ಎಂಬ ಎಚ್ಚರ ಇಲ್ಲದೆ ಹೇಳುತ್ತ ಹೋದಳು. ಆ ಮಧ್ಯಾಹ್ನ ಅವನು ಚಹಾ ಕುಡಿಯುತ್ತ ಕುಳಿತಿದ್ದನಂತೆ. ಫೋನಿಗೆ ಸಂದೇಶ ಬಂದದ್ದನ್ನು ಗಟ್ಟಿಯಾಗಿ ಓದಿದನಂತೆ, ಮುಂದಿನ ಮೂರು ಗಂಟೆ ಗುಡುಗು ಸಿಡಿಲು, ಬಯಲಿನಲ್ಲಿ ನಿಲ್ಲಬೇಡಿ, ಗಟ್ಟಿ ಕಟ್ಟಡದೊಳಗೆ ಇರಿ. ಹಾಗಾದರೆ ಹೆಂಗಸರನ್ನು ಮನೆಗೆ ಕರೆಯಿರಿ ಎಂದು ಇವಳು ಹೇಳಿದಳಂತೆ. ಅರಿಶಿಣ ತೋಯುತ್ತದೆ ಎಂದು ಚಹಾ ಅರ್ಧಕ್ಕೇ ಬಿಟ್ಟು ಓಡಿದನಂತೆ. ಅಲ್ಲಿಗೆ ಬಂದು ಸಾವಿತ್ರೆವ್ವನಿಗೆ ತಾನು ಯಾರ ಮುಂದೆ ಮಾತಾಡುತ್ತಿದ್ದೇನೆ ಎಂಬುದು ಹೊಳೆಯಿತು. ಬಾಯಿ ಮುಚ್ಚಿದಳು. ಅನ್ನವ್ವ ಚೆಲ್ಲಿದ ಜೋಳವನ್ನು ಬಳಿದು ಮೊರಕ್ಕೆ ಹಾಕಿದಳು, ಉಳಿದದ್ದನ್ನೂ ಹಸನು ಮಾಡಿ ಮುಗಿಸಿ ಮನೆಗೆ ಹೋದಳು.

ಶೆಡ್ಡಿನಲ್ಲಿ ನಿಂತ ಚನಮಲ್ಲಪ್ಪ ಆಗ ಅವಳ ತಲೆಗೆ ಹೋದ.

ಆ ವಾರ ಅವಳು ಎಲೆ ಅಡಿಕೆಯ ಸಂಚಿಯಲ್ಲಿ ಕಡ್ಡಿಪೆಟ್ಟಿಗೆ ಇಟ್ಟುಕೊಂಡು ತಿರುಗಿದಳು. ಚನಮಲ್ಲಪ್ಪನ ಕಬ್ಬು ಎದೆ ಮೀರಿ ಬೆಳೆದಿತ್ತು, ಒಂದು ಕಡ್ಡಿ ಸಾಕಿತ್ತು. ಆದರೆ ಸುಟ್ಟ ಕಬ್ಬನ್ನೂ ಕಾರ್ಖಾನೆ ತೆಗೆದುಕೊಳ್ಳುತ್ತದೆ. ನಾಲ್ಕು ಕಾಸು ಕಡಿಮೆ ಬಂದೀತು, ಅಷ್ಟೆ. ತಂಗಿಯ ಜೀವಕ್ಕೆ ಆ ನಾಲ್ಕು ಕಾಸು ಯಾವ ಲೆಕ್ಕ ಎಂದು ಅವಳಿಗೆ ಅನ್ನಿಸಿತು. ಅವನು ಬಾಳವ್ವನನ್ನು ಕೊಟ್ಟು ಉಳಿಸಿಕೊಂಡದ್ದು ಅರಿಶಿಣ. ತೆಗೆದುಕೊಂಡರೆ ಅದನ್ನೇ ತೆಗೆದುಕೊಳ್ಳಬೇಕು, ಅದೂ ಅವನು ತೆಗೆದುಕೊಂಡ ಹಾದಿಯಲ್ಲೇ.

ಅದಕ್ಕೆ ಮೊದಲು ಆ ಹಾದಿ ತಿಳಿಯಬೇಕಿತ್ತು. ಹಳದಿ ಎಂದರೇನು, ಫೋನಿಗೆ ಬಂದದ್ದು ಯಾವುದು, ಎರಡಕ್ಕೂ ಏನು ವ್ಯತ್ಯಾಸ, ಅವಳಿಗೆ ಒಂದೂ ಗೊತ್ತಿರಲಿಲ್ಲ. ಅವಳು ಓದಿದ್ದು ಏಳನೆಯ ತರಗತಿ. ಆ ತರಗತಿಯಲ್ಲಿ ಕಲಿಸಿದ ಶಿವಯೋಗಿ ಮಾಸ್ತರರು ನಿವೃತ್ತರಾಗಿ ಬನಹಟ್ಟಿಯಲ್ಲಿದ್ದರು. ಮನೆಯ ಮಾಳಿಗೆಯ ಮೇಲೆ ಮಳೆ ಅಳೆಯುವ ಪಾತ್ರೆ ಇಟ್ಟು ಇಪ್ಪತ್ತು ವರ್ಷದಿಂದ ಪ್ರತಿ ಬೆಳಿಗ್ಗೆ ಎಂಟೂವರೆಗೆ ಅಳತೆ ಬರೆಯುವ ಮನುಷ್ಯ. ಹವಾಮಾನದ ಯಾವ ಸಂದೇಶವನ್ನೂ ಫೋನಿನಿಂದ ಅಳಿಸಿದವರಲ್ಲ. ಅನ್ನವ್ವ ಬಸ್ಸು ಹತ್ತಿ ಹೋದಳು. ತಂಗಿ ಸತ್ತ ದಿನ ಏನೇನು ಬಂದಿತ್ತು ತೋರಿಸಿ ಎಂದಳು.

ಮಾಸ್ತರರು ಹುಡುಕಿ ತೋರಿಸಿದರು. ಬೆಳಗಿನದು ಹಳದಿ, ಇಡೀ ಬಾಗಲಕೋಟೆ ಜಿಲ್ಲೆಗೆ. ಮಧ್ಯಾಹ್ನ ಮೂರು ಹತ್ತಕ್ಕೆ ಇನ್ನೊಂದು, ಕಿತ್ತಳೆ ಗುರುತಿನದು, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ತಾಲೂಕುಗಳ ಹೆಸರು ಹಿಡಿದು. ಸಾವಿತ್ರೆವ್ವ ಹೇಳಿದ ಮಾತುಗಳೇ ಅದರಲ್ಲಿದ್ದವು. ಅನ್ನವ್ವ ಎರಡು ಸಲ ಓದಿದಳು. ಸಿಡಿಲು ಬಿದ್ದದ್ದು ಮೂರೂವರೆಗೆ. ನಡುವೆ ಇಪ್ಪತ್ತು ನಿಮಿಷ ಇತ್ತು. ಇನ್ನೂರು ಹೆಜ್ಜೆಯ ಮನೆಗೆ ಮುದುಕಿಯೂ ಎರಡು ಸಲ ಹೋಗಿ ಬರಬಹುದಾದಷ್ಟು ಹೊತ್ತು.

"ಹಂಗಾರ ಸರ, ಹಳದಿ ಅಂದ್ರ ಏನೂ ಇಲ್ಲ ಅಂತ ಅಲ್ಲೇನ್ರಿ?"

"ಏನೂ ಇಲ್ಲಂದ್ರ ಹಸರ ಹಾಕತಿದ್ರು" ಎಂದರು ಮಾಸ್ತರರು. "ಹಳದಿ ಅಂದ್ರ ಕಣ್ಣಿಡು. ಕಿತ್ತಳಿ ಅಂದ್ರ ತಯಾರಾಗು. ಕೆಂಪ ಅಂದ್ರ ವಿಚಾರ ಮಾಡಕೋಂತ ಕುಂದರಬ್ಯಾಡ, ಹೇಳಿದ್ದ ಮಾಡು."

ಅಂದಿನಿಂದ ವಾರಕ್ಕೊಮ್ಮೆ ಅವಳು ಬನಹಟ್ಟಿಗೆ ಹೋಗತೊಡಗಿದಳು. ಮಹಾಲಿಂಗಪುರದ ಬಸ್ ಸ್ಟ್ಯಾಂಡಿನ ಹತ್ತಿರ ಹಳೆಯದೊಂದು ಫೋನು ಕೊಂಡಳು. ಸಿಡಿಲು ಎಷ್ಟು ದೂರದಲ್ಲಿ ಬೀಳುತ್ತಿದೆ ಎಂದು ತೋರಿಸುವ ಆ್ಯಪನ್ನು ಮಾಸ್ತರರೇ ಅದಕ್ಕೆ ಹಾಕಿಕೊಟ್ಟರು. ಬಣ್ಣ ಬರೀ ಮಳೆಯ ಅಳತೆ ಅಲ್ಲ, ಆಗಬಹುದಾದ ಹಾನಿಯ ಅಳತೆ ಎಂದು ಕಲಿಸಿದರು. ಬೆಳಗಿನ ಸೂಚನೆ ಇಡೀ ಜಿಲ್ಲೆಗೆ, ಇಡೀ ದಿನಕ್ಕೆ. ಅದು ಲಗ್ನಪತ್ರಿಕೆ ಬಂದ ಹಾಗೆ. ತಾಲೂಕಿನ ಹೆಸರು ಹಿಡಿದು ಮುಂದಿನ ಮೂರು ತಾಸಿಗೆಂದು ಬರುವುದು ಬೀಗರು ಬಾಗಿಲಿಗೆ ಬಂದು ನಿಂತ ಹಾಗೆ. ಮೊದಲನೆಯದು ಬಂದಾಗ ತಯಾರಿ ಮಾಡಿಕೊಳ್ಳದವನು ಎರಡನೆಯದು ಬಂದಾಗ ಒದ್ದಾಡುತ್ತಾನೆ ಎಂದು ಅವರು ಹೇಳಿದ ಮಾತನ್ನು ಅನ್ನವ್ವ ಮನಸ್ಸಿನಲ್ಲಿ ಇಟ್ಟುಕೊಂಡಳು. ಮಳೆಗಾಲದಲ್ಲಿ ಹೊಳೆಯ ಎಚ್ಚರಿಕೆ ಬೇರೆ, ಅದು ಜಲಾಶಯದಿಂದ ನೀರು ಬಿಡುವವರು ಕೊಡುವುದು ಎಂಬುದೂ ತಿಳಿಯಿತು. ಇಲ್ಲಿ ಒಂದು ಹನಿ ಬೀಳದಿದ್ದರೂ, ನಮ್ಮ ಜಿಲ್ಲೆಗೆ ಹಸಿರು ಇದ್ದರೂ, ಮೇಲೆ ಮಳೆಯಾದರೆ ಮುಧೋಳದ ಹತ್ತಿರ ಘಟಪ್ರಭೆ ಉಕ್ಕುತ್ತದೆ.

ಇಷ್ಟು ಶ್ರದ್ಧೆಯ ಹಿಂದೆ ಏನಿದೆ ಎಂದು ಮಾಸ್ತರರಿಗೆ ಗೊತ್ತಿರಲಿಲ್ಲ. ತಂಗಿ ಹೋದ ದುಃಖದಲ್ಲಿ ನಾಲ್ಕು ಜನರಿಗೆ ಒಳ್ಳೆಯದು ಮಾಡಲು ಹೊರಟಿದ್ದಾಳೆ ಎಂದುಕೊಂಡಿದ್ದರು. ಅನ್ನವ್ವ ಕುಡಗೋಲು ಮಸೆಯುತ್ತಿದ್ದಳು.

ಬಾಳವ್ವನ ಜಾಗಕ್ಕೆ ಇನ್ನೊಬ್ಬಳು ಸೇರಿ ಟೋಳಿ ಮತ್ತೆ ಹದಿನಾಲ್ಕಾಗಿತ್ತು. ಒಂದು ವಿಷಯ ಅವಳಿಗೆ ಬೇಗ ತಿಳಿಯಿತು. ತಾನು ಎದ್ದು ನಡೆಯಿರಿ ಎಂದ ದಿನ ಹದಿನಾಲ್ಕೂ ಜನ ಎರಡನೆಯ ಮಾತಿಲ್ಲದೆ ಏಳಬೇಕು. ಅದಕ್ಕೆ ಅಲ್ಲಿಯವರೆಗೆ ತನ್ನ ಮಾತು ಒಂದು ಸಲವೂ ಸುಳ್ಳಾಗಬಾರದು. ಹಾಗಾಗಿ ಸೇಡಿಗಾಗಿ ಕಲಿತದ್ದರಲ್ಲೇ ಅವಳು ನಿಯತ್ತಿನವಳಾದಳು. ಹಳದಿ ಎಂದು ಕೇಳಿದ್ದೇ ಯಾರಾದರೂ ಹೆದರಿ ಕೆಲಸ ಬಿಡಲು ಹೊರಟರೆ ಬಿಡುತ್ತಿರಲಿಲ್ಲ. ಕೆಲಸ ಮಾಡಿ, ಪಡುವಣಕ್ಕೆ ಒಂದು ಕಣ್ಣಿರಲಿ, ಹತ್ತಿರದ ಗಟ್ಟಿ ಮನೆ ಯಾವುದು ಎಂದು ಈಗಲೇ ನೋಡಿಟ್ಟುಕೊಳ್ಳಿ ಎನ್ನುತ್ತಿದ್ದಳು. ಮೂರು ತಾಸಿನ ಸಂದೇಶ ಬಂದರೆ ಮಾತ್ರ ಕುಡಗೋಲು ಕೆಳಗಿಡಿಸುತ್ತಿದ್ದಳು. ಮರದ ಕೆಳಗೆ ನಿಲ್ಲಗೊಡುತ್ತಿರಲಿಲ್ಲ, ತೆರೆದ ಶೆಡ್ಡಿನಲ್ಲೂ ನಿಲ್ಲಗೊಡುತ್ತಿರಲಿಲ್ಲ. ಕೊನೆಯ ಗುಡುಗು ಕೇಳಿ ಅರ್ಧ ತಾಸಾಗುವ ತನಕ ಹೊರಗೆ ಬಿಡುತ್ತಿರಲಿಲ್ಲ.

ಮೇ ತಿಂಗಳಲ್ಲಿ ರನ್ನ ಬೆಳಗಲಿಯ ತುಕಾರಾಮನ ಹೊಲದಲ್ಲಿ ಕಳೆ ತೆಗೆಯುವಾಗ ಹೀಗೇ ಆಯಿತು. ಅನ್ನವ್ವ ಟೋಳಿಯನ್ನು ಎಬ್ಬಿಸಿಕೊಂಡು ಶಾಲೆಯ ಕಟ್ಟಡಕ್ಕೆ ನಡೆದಳು. ತುಕಾರಾಮ ಹಿಂದೆಯೇ ಬೈಯುತ್ತ ಬಂದ. ಇಪ್ಪತ್ತು ನಿಮಿಷದಲ್ಲಿ ಅವನ ಹೊಲದ ಬದುವಿನ ಬೇವಿನ ಮರ ನಡುವೆ ಸೀಳಿ ಹೊಗೆಯಾಡಿತು. ಹೆಂಗಸರ ಊಟದ ಗಂಟುಗಳು ಆ ಮರದ ಬುಡದಲ್ಲೇ ಇದ್ದವು. ಆಮೇಲೆ ಯಾರೂ ಬೈಯಲಿಲ್ಲ. ಸುತ್ತಲಿನ ರೈತರೇ ಬೆಳಿಗ್ಗೆ ಫೋನು ಮಾಡಿ ಇವತ್ತು ಹೇಗಿದೆ ಎಂದು ಕೇಳತೊಡಗಿದರು.

ಚನಮಲ್ಲಪ್ಪನ ತೋಟವನ್ನು ಅವಳು ಬಿಡಲಿಲ್ಲ. ನಿನ್ನ ತಂಗಿ ಸತ್ತ ಕಣದಲ್ಲಿ ಹೇಗೆ ಕಾಲಿಡುತ್ತೀ ಎಂದು ಟೋಳಿಯವರು ಕೇಳಿದರೆ, ಕಾಲಿಡದಿದ್ದರೆ ಹೇಗೆ ಎನ್ನುತ್ತಿದ್ದಳು. ಮೊದಲ ವರ್ಷ ಅರಿಶಿಣದ ಕಾಲದಲ್ಲಿ ಆರು ಸಲ ಹಳದಿ ಬಂತು. ಜಮಖಂಡಿಗೆ ಮಳೆಯಾಯಿತು, ಮುಧೋಳಕ್ಕೆ ಆಯಿತು, ಚಿಮ್ಮಡದ ಮೇಲೆ ಬಿಸಿಲು ಕಾಯಿತು. ಅರಿಶಿಣ ಹೊಳೆಯುವ ಹಾಗೆ ಒಣಗಿ ಪೇಟೆಗೆ ಹೋಯಿತು. ಚೀಲ ಹೊಲಿದು ಕೊಟ್ಟವಳೂ ಅವಳೇ. "ಎಲ್ಲಾರ ಅರಿಷಣನೂ ತೋಯ್ಲಿ, ಅಂವಂದೂ ತೋಯ್ಲಿ ಅಂತ ದೇವರಿಗೆ ಕೈ ಮುಗದಿದ್ನಿ" ಎಂದು, ಆಮೇಲೆ ಈ ಕತೆ ಬರೆದುಕೊಳ್ಳಲು ಹೋದ ನನಗೆ ಹೇಳಿದಳು. ಹೇಳುವಾಗ ತಲೆ ತಗ್ಗಿಸಲಿಲ್ಲ.

ಎರಡನೆಯ ವರ್ಷ ಏಪ್ರಿಲ್ ಮೊದಲ ವಾರ. ಚನಮಲ್ಲಪ್ಪನ ಬೆಳೆ ಆ ವರ್ಷ ಎಲ್ಲರಿಗಿಂತ ಚೆನ್ನಾಗಿತ್ತು. ಅರ್ಧ ಎಕರೆಯ ಕಣ ಪೂರ್ತಿ ಅರಿಶಿಣ ಹರವಿತ್ತು, ಇನ್ನು ನಾಲ್ಕು ದಿನ ಬಿಸಿಲು ಸಿಕ್ಕರೆ ಸಾಕು. ಬೆಳಿಗ್ಗೆ ಎಂಟಕ್ಕೆ ಶಿವಯೋಗಿ ಮಾಸ್ತರರ ಫೋನು ಬಂತು. ಹಳದಿ ಬಿದ್ದಿದೆ, ಆದರೆ ಪಡುವಣದ ಲಕ್ಷಣ ನೆಟ್ಟಗಿಲ್ಲ, ಅರಿಶಿಣ ಹೊರಗಿದ್ದವರಿಗೆಲ್ಲ ಹನ್ನೆರಡರೊಳಗೆ ಒಟ್ಟಿ ಮುಚ್ಚಲು ಹೇಳು ಎಂದರು. ಅನ್ನವ್ವ ಹೂಂ ಎಂದಳು. ತುಕಾರಾಮನಿಗೆ ಫೋನು ಮಾಡಿದಳು, ಚಿಮ್ಮಡದಲ್ಲಿ ಇನ್ನೂ ಮೂವರಿಗೆ ಮಾಡಿದಳು. ನಾಲ್ವರೂ ಒಟ್ಟಿಕೊಂಡರು.

ಚನಮಲ್ಲಪ್ಪನಿಗೆ ಹೇಳಲಿಲ್ಲ.

ಅವನು ತಾನೇ ಬಂದು ಕೇಳಿದ. ಕಣದ ಅಂಚಿನಲ್ಲಿ ಹಲ್ಲುಕಡ್ಡಿ ಕಚ್ಚಿಕೊಂಡು ನಿಂತು, ಇವತ್ತು ಏನು ಬಂದಿದೆ ಎಂದ.

"ಹಳದಿ ಐತ್ರಿ ಸಾವುಕಾರ್ರ" ಎಂದಳು ಅನ್ನವ್ವ.

"ಹಳದಿ ಏನ ಮಾಡತೈತಿ. ತೆಳ್ಳಗ ಹರವ್ರಿ, ಲಗೂನ ಒಣಗಲಿ."

ಅವಳು ಸುಳ್ಳು ಹೇಳಿರಲಿಲ್ಲ. ಹಳದಿ ಎಂದರೆ ಏನು ಎಂಬುದನ್ನು ಮಾತ್ರ ಹೇಳಿರಲಿಲ್ಲ. ಅವನು ಹೇಳಿದ ಹಾಗೆ ತೆಳ್ಳಗೆ ಹರವಿಸಿದಳು. ಟೋಳಿಯಲ್ಲಿ ಒಬ್ಬಳು, ತುಕಾರಾಮನಿಗೆ ಒಟ್ಟಲು ಹೇಳಿ ಇಲ್ಲಿ ಹರವಿಸುತ್ತೀಯಲ್ಲ ಎಂದು ಮೆಲ್ಲಗೆ ಕೇಳಿದಳು. ಅನ್ನವ್ವ ಅವಳ ಮುಖ ನೋಡಿದಳು. ಅವಳು ಮತ್ತೆ ಕೇಳಲಿಲ್ಲ.

ಎರಡೂವರೆ ದಾಟಿದ ಮೇಲೆ ಸಂದೇಶ ಬಂತು. ಕಿತ್ತಳೆ, ಮುಂದಿನ ಮೂರು ಗಂಟೆ, ತಾಲೂಕಿನ ಹೆಸರು. ಅನ್ನವ್ವ ಓದಿ, ಫೋನು ಸೆರಗಿಗೆ ಸಿಕ್ಕಿಸಿಕೊಂಡು, ಏಳಿ ಎಂದಳು. ಹದಿನಾಲ್ಕು ಹೆಂಗಸರು ಎದ್ದು ಸಾಲಾಗಿ ನಡೆದು ಚನಮಲ್ಲಪ್ಪನ ಮನೆ ಹೊಕ್ಕು ಪಡಸಾಲೆಯಲ್ಲಿ ಕುಳಿತರು. ಸಾವಿತ್ರೆವ್ವ ಏನೂ ಕೇಳದೆ ಚಾಪೆ ಹಾಸಿದಳು. ಊಟ ಮಾಡಿ ಮಲಗಿದ್ದ ಚನಮಲ್ಲಪ್ಪ ಸದ್ದಿಗೆ ಎದ್ದು ಬಂದ. ಹೊರಗೆ ಗಾಳಿ ಎದ್ದಿತ್ತು. ಬಾಗಿಲಿನಿಂದ ಕಣದ ಕಡೆ ನೋಡಿದ, ಒಳಗೆ ಕುಳಿತವರ ಕಡೆ ನೋಡಿದ. ತಾಡಪತ್ರಿ ಹಾಕಿ ಬಂದಿರಾ ಎಂದ. ಇಲ್ಲ ಎಂದರು. ಏಳಿ ಎಂದ. ಏಳಲಿಲ್ಲ. ಇಂದಿನ ಕೂಲಿ ಎರಡರಷ್ಟು ಕೊಡುತ್ತೇನೆ ಎಂದ, ಆಮೇಲೆ ಮೂರರಷ್ಟು ಎಂದ.

"ಹತ್ತು ಮಿನಿಟಿನ ಕೆಲಸ ಐತಿ" ಎಂದ ಕೊನೆಗೆ.

"ಅವತ್ತೂ ಹತ್ತು ಮಿನಿಟ ಅಂದಿದ್ರಿ" ಎಂದಳು ಅನ್ನವ್ವ.

ಅವನು ಅವಳನ್ನು ನೋಡಿದ ರೀತಿಯಲ್ಲಿ ಅವನಿಗೆ ಎಲ್ಲ ಅರ್ಥವಾಯಿತು ಎಂಬುದು ಪಡಸಾಲೆಯಲ್ಲಿದ್ದವರಿಗೆಲ್ಲ ತಿಳಿಯಿತು. ಆದರೆ ಮಾತಿಗೆ ಹೊತ್ತಿರಲಿಲ್ಲ, ದಪ್ಪ ಹನಿ ಬೀಳತೊಡಗಿತ್ತು. ಅವನು ಒಬ್ಬನೇ ಕಣಕ್ಕೆ ಓಡಿದ.

ಹದಿನಾಲ್ಕು ಜನ ಎಳೆಯುವ ತಾಡಪತ್ರಿ ಒಬ್ಬನ ಕೈಗೆ ದಕ್ಕುವುದಲ್ಲ. ಒಂದು ಮೂಲೆ ಹಿಡಿದರೆ ಇನ್ನೊಂದು ಗಾಳಿಗೆ ಹಾರಿತು. ಮಿಂಚು ಬಿಟ್ಟೂ ಬಿಡದೆ ಹೊಡೆಯುತ್ತಿತ್ತು. ಬೆಳಕಿಗೂ ಸದ್ದಿಗೂ ನಡುವಿನ ಅಂತರ ಕಡಿಮೆಯಾಗುತ್ತ ಬಂದದ್ದನ್ನು ಅನ್ನವ್ವ ಎಣಿಸುತ್ತಿದ್ದಳು. ಎಂಟು. ಆರು. ಮೂರು. ಸಾವಿತ್ರೆವ್ವ ಗಂಡನನ್ನು ಕರೆತರಲು ಹೊಸ್ತಿಲು ದಾಟಿದಳು. ಅನ್ನವ್ವ ಅವಳ ರಟ್ಟೆ ಹಿಡಿದು ಒಳಗೆಳೆದಳು.

"ಬಿಡ ಅನ್ನವ್ವ. ಸಾಯತಾರ ಅವ್ರು."

"ನಿಮ್ಮನ್ನ ಬಿಡೂದಿಲ್ರಿ ಅಕ್ಕಾರ. ಅವರನ್ನ ನಾ ಕಳಿಸಿಲ್ಲ."

ಟೋಳಿಯ ಇಬ್ಬರು ಬಾಗಿಲಲ್ಲಿ ನಿಂತು ಬರ್ರೀ ಬರ್ರೀ ಎಂದು ಕೂಗಿದರು. ಅನ್ನವ್ವ ಕೂಗಲಿಲ್ಲ. ಅವನು ನಿಂತಿದ್ದದ್ದು ಕಣದ ಆಚೆ ತುದಿಯಲ್ಲಿ. ಬೀಳಲಿ ಎಂದು ಆಗ ಅವಳಿಗೆ ಅನ್ನಿಸಿದ್ದು ನಿಜ. ಅದನ್ನು ಅವಳು ನನ್ನಿಂದ ಮುಚ್ಚಿಡಲಿಲ್ಲ. ಇನ್ನೊಂದು ಮಿಂಚು ಬಂದಾಗ ಎಣಿಸಲು ಹೊತ್ತೇ ಸಿಗಲಿಲ್ಲ. ಬಾವಿಯ ಹತ್ತಿರದ ತೆಂಗಿನ ಮರದ ತಲೆಗೆ ಬೆಂಕಿ ಹತ್ತಿತು, ಚನಮಲ್ಲಪ್ಪ ಮುಖ ಅಡಿಯಾಗಿ ಅರಿಶಿಣದ ಮೇಲೆ ಬಿದ್ದ. ಸಾವಿತ್ರೆವ್ವ ಅನ್ನವ್ವನ ಕೈಯಲ್ಲೇ ಕುಸಿದಳು. ಎಲ್ಲರೂ ಅವನು ಸತ್ತ ಎಂದೇ ತಿಳಿದರು. ಸ್ವಲ್ಪ ಹೊತ್ತಿಗೆ ಅವನು ಅಲುಗಾಡಿದ. ಎದ್ದು ನಿಲ್ಲುವ ಧೈರ್ಯವಾಗದೆ ಅಂಬೆಗಾಲಿನಲ್ಲೇ ಕಣ ದಾಟಿ, ಎದ್ದು ಓಡಿ ಬಂದು ಹೊಸ್ತಿಲಲ್ಲಿ ಬಿದ್ದ.

ಅವನ ಹಲ್ಲು ಕಟಕಟ ಎನ್ನುತ್ತಿದ್ದವು. ಮೈಕೈಗೆಲ್ಲ ಅರಿಶಿಣ ಮೆತ್ತಿತ್ತು. ಸಾವಿತ್ರೆವ್ವ ಕಂಬಳಿ ಹೊದಿಸಿದಳು. ಅನ್ನವ್ವ ಅವನ ಎದುರು ಕುಳಿತು ಫೋನು ತೆಗೆದು ಆ ಸಂದೇಶವನ್ನು ಮೊದಲಿನಿಂದ ಕೊನೆಯ ತನಕ ಗಟ್ಟಿಯಾಗಿ ಓದಿದಳು. ಬಯಲಿನಲ್ಲಿ ನಿಲ್ಲಬೇಡಿ ಎಂಬಲ್ಲಿ ನಿಲ್ಲಿಸಿ ಒಮ್ಮೆ ಅವನನ್ನು ನೋಡಿ ಮುಂದಕ್ಕೆ ಓದಿದಳು.

"ಬಾಳವ್ವ ಸತ್ತ ದಿನ ಇದು ನಿಮಗ ಬಂದಿತ್ತೋ ಇಲ್ಲೋ?"

ಅವನು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ. ಮಳೆ ಜೋರಾಗಿತ್ತು.

"ಬಂದಿತ್ತು" ಎಂದಳು ಸಾವಿತ್ರೆವ್ವ. "ನನ್ನ ಮುಂದನ ಓದಿದ್ರು. ಹೆಣ್ಮಕ್ಕಳನ್ನ ಮನಿಗೆ ಕರೀರಿ ಅಂತ ನಾ ಅಂದಿದ್ನಿ."

ಹದಿನಾಲ್ಕು ಹೆಂಗಸರು ಅದನ್ನು ಕೇಳಿದರು. ಅವತ್ತು ಸಿಡಿಲಿಗೆ ಹಾರಿಬಿದ್ದು ಬದುಕಿದ್ದ ಇಬ್ಬರೂ ಅವರಲ್ಲಿದ್ದರು. ಕೊನೆಯ ಗುಡುಗು ಕೇಳಿ ಅರ್ಧ ತಾಸು ಕಳೆಯುವ ತನಕ ಅವನ ಎದುರಿಗೇ ಕುಳಿತಿದ್ದರು. ಆಮೇಲೆ ಕಣದ ಪಕ್ಕದಲ್ಲೇ ನಡೆದು ಮನೆಗೆ ಹೋದರು. ಕಣದಿಂದ ಹಳದಿ ನೀರು ಬಂಡಿದಾರಿಗೆ ಹರಿಯುತ್ತಿತ್ತು. ಅನ್ನವ್ವ ಮಾತ್ರ ನಿಂತು, ಆ ನೀರು ತಿಳಿಯಾಗುವ ತನಕ ನೋಡಿ ಬಂದಳು.

ಅರಿಶಿಣವನ್ನು ಮತ್ತೆ ಹರವಿ ಒಣಗಿಸಲು ಚನಮಲ್ಲಪ್ಪನಿಗೆ ಆಳುಗಳು ಸಿಗಲಿಲ್ಲ. ಬೂಜು ಹಿಡಿದು ಕಪ್ಪಾದದ್ದನ್ನು ಸಾಂಗಲಿಯ ಅರಿಶಿಣ ಪೇಟೆಗೆ ಕಳಿಸಿದ, ಕೊಳ್ಳುವವರು ಕೈ ಹಾಕಲಿಲ್ಲ. ಕೆಲಸ ಬಿಟ್ಟು ಕುಳಿತು ತನ್ನನ್ನು ಹಾಳು ಮಾಡಿದರು ಎಂದು ಅವನು ಊರ ಹಿರಿಯರನ್ನು ಸೇರಿಸಿದ. ಹಿರಿಯರು ಟೋಳಿಯವರನ್ನು ಕೇಳಿದರು. ಟೋಳಿಯವರು ಸಾವಿತ್ರೆವ್ವ ಹೇಳಿದ ಮಾತನ್ನು ಹೇಳಿದರು. ಹಿರಿಯರಲ್ಲಿ ಒಬ್ಬರು, ಹುಲೆಪ್ಪ ಎಂಬ ಮುದುಕರು, ಎದ್ದು ರುಮಾಲು ಸರಿಮಾಡಿಕೊಂಡು ಮನೆಗೆ ನಡೆದರು. ಅವರ ಹಿಂದೆ ಉಳಿದವರೂ ಎದ್ದರು. ಅನ್ನವ್ವ ತಾಲೂಕು ಕಚೇರಿಗೆ ಹೋಗಿ ಹೊಸದಾಗಿ ಹೇಳಿಕೆ ಬರೆಸಿ ಬಂದಳು. ಆ ಕಾಗದ ಇನ್ನೂ ಅಲ್ಲೇ ಇದೆ, ಅದರಿಂದ ಏನೂ ಆಗಿಲ್ಲ. ಆದರೆ ಸುತ್ತಲಿನ ಯಾವ ಟೋಳಿಯೂ ಆಮೇಲೆ ಆ ಕಣಕ್ಕೆ ಕಾಲಿಟ್ಟಿಲ್ಲ. ಚನಮಲ್ಲಪ್ಪ ಅರಿಶಿಣ ಬೆಳೆಯುವುದನ್ನೇ ಬಿಟ್ಟ. ಮಿಂಚಿದರೆ ಈಗಲೂ ಒಳಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾನೆ ಎಂದು ಸಾವಿತ್ರೆವ್ವ ಹೇಳುತ್ತಾಳೆ.

ಅನ್ನವ್ವ ಬನಹಟ್ಟಿಗೆ ಹೋಗಿ ಎಲ್ಲವನ್ನೂ ಮಾಸ್ತರರಿಗೆ ಹೇಳಿದಳು, ಬೆಳಿಗ್ಗೆ ಚನಮಲ್ಲಪ್ಪ ತಾನೇ ಬಂದು ಕೇಳಿದ್ದನ್ನೂ ಸೇರಿಸಿ. ಮೆಚ್ಚುತ್ತಾರೆ ಎಂದುಕೊಂಡಿದ್ದಳು. ಮಾಸ್ತರರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು.

"ಅಂವ ನಿನ್ನ ತಂಗಿ ಮುಂದ ಮುಚ್ಚಿಟ್ಟ. ನೀ ಅಂವನ ಮುಂದ ಮುಚ್ಚಿಟ್ಟಿ."

"ನಾ ಮುಚ್ಚಿಟ್ಟಿದ್ದು ಅರಿಷಣದ ಸಲುವಾಗಿ ಸರ. ಅರಿಷಣಕ್ಕ ಜೀವ ಇಲ್ಲ."

"ಅಂವಗಿತ್ತಲ್ಲ. ಅಂವ ಓಡಿ ಹೋದ್ನಲ್ಲ ಹೊರಗ. ಓಡತಾನ ಅನ್ನೂದು ನಿನಗ ಗೊತ್ತಿರಲಿಲ್ಲೇನು?"

ಗೊತ್ತಿತ್ತು ಎಂದರೆ ಅನ್ನವ್ವನೂ ಅವನ ಹಾಗೆಯೇ ಆಗುತ್ತಿದ್ದಳು, ಇರಲಿಲ್ಲ ಎಂದರೆ ಸುಳ್ಳು. ಮಾಸ್ತರರು ಚಹಾ ಕೊಡಿಸಿದರು, ಆದರೆ ಮುಂದಿನ ವಾರ ಬಾ ಎನ್ನಲಿಲ್ಲ. ಎರಡು ತಿಂಗಳು ಅವಳ ಫೋನು ಎತ್ತಲಿಲ್ಲ. ಅಷ್ಟು ದಿನ ಅವಳು ಒಬ್ಬಳೇ ಸಂದೇಶ ನೋಡಿ, ಒಬ್ಬಳೇ ತೀರ್ಮಾನ ಮಾಡಿ ಟೋಳಿ ನಡೆಸಿದಳು. ಮುಂಗಾರು ಶುರುವಾಗಿ ಒಂದು ವಾರಕ್ಕೆ ಅವರೇ ಫೋನು ಮಾಡಿ, ಆ ದಿನದ ಸೂಚನೆಯನ್ನಷ್ಟೇ ಹೇಳಿ ಇಟ್ಟರು. ಈಗಲೂ ಅಷ್ಟೇ ಮಾತು.

ಈ ವರ್ಷ ಏಪ್ರಿಲಿನಲ್ಲಿ ನಾನು ಅವಳ ಮನೆಯಲ್ಲಿ ಕುಳಿತಿದ್ದೆ. ಅಂದು ಹಳದಿ. ಅವಳು ಒಬ್ಬೊಬ್ಬರಿಗೇ ಫೋನು ಮಾಡುತ್ತಿದ್ದಳು. ಕೊನೆಗೆ ಒಂದು ನಂಬರಿನ ಮೇಲೆ ಬೆರಳಿಟ್ಟು ಸ್ವಲ್ಪ ತಡೆದಳು, ಆಮೇಲೆ ಒತ್ತಿದಳು. ಆ ಕಡೆಯಿಂದ ಗಂಡಸಿನ ದನಿ ಬಂತು.

"ಹಳದಿ ಐತಿ. ಹಳದಿ ಅಂದ್ರ ಏನೂ ಇಲ್ಲ ಅಂತ ಅಲ್ಲ. ಮಧ್ಯಾಹ್ನದೊಳಗ ಜ್ವಾಳ ಒಟ್ಟಿ ಮುಚ್ಕೋರಿ, ಆಳುಮಕ್ಕಳನ್ನ ಮನ್ಯಾಗ ಕರಕೋರಿ" ಎಂದು ಹೇಳಿ ಇಟ್ಟುಬಿಟ್ಟಳು. ಗೂಡಿನಿಂದ ಒಂದು ನೋಟುಬುಕ್ಕು ತೆಗೆದು ತಾರೀಖು ಮತ್ತು ವೇಳೆ ಬರೆದಳು. ಚನಮಲ್ಲಪ್ಪನಿಗೆ ಕ್ಷಮೆ ಸಿಕ್ಕಿತೇ ಎಂದು ಕೇಳಿದೆ.

"ಕ್ಷಮಾ ಎಲ್ಲೀದ್ರಿ" ಎಂದಳು. "ಇನ್ನ ಮುಂದ ಅಂವ ಯಾರ ಮುಂದನೂ ಗೊತ್ತಿರಲಿಲ್ಲ ಅನ್ನಬಾರದು."

ಹೊರಗೆ ಟೋಳಿಯವರು ಬುತ್ತಿ ಕಟ್ಟಿಕೊಂಡು ಬಂದು ನಿಂತಿದ್ದರು. ಅವಳು ಕುಡಗೋಲು ತೆಗೆದುಕೊಂಡು ಅವರ ಜೊತೆ ಮಹಾಲಿಂಗಪುರದ ದಾರಿ ಹಿಡಿದಳು.